ಹತ್ತಿ ರಾಶಿಯೊಳಗಿನ ಚುಕ್ಕಿ

ನಂಬೂದು ಬಿಡೂದು ನಿಮಗ ಬಿಟ್ಟದ್ದು... ನಾ ಎಲೆಕ್ಟ್ರಾನಿಕ್ಸ್ ಓದಿದಾಕಿ, ದೆವ್ವ-ಗಿವ್ವ ಅಂದವ್ರ ಮಾರಿ ಮುಂದನ ನಗಾಕಿ. ಆದ್ರ ಇದು ನನ್ನ ಕಣ್ಣೆದುರಿಗೇ ಆಗೇದ.

ಶಹಾಪುರದಿಂದ ಸುರಪುರಕ್ಕ ಹೋಗೂ ರಸ್ತಾದಾಗ ಹತ್ತಿಯಿಂದ ಬೀಜ ಬಿಡಸೂ ನಮ್ಮ ಜಿನ್ನಿಂಗ್ ಮಿಲ್ಲು. ಹತ್ತಿ ರಾಶಿ ಮ್ಯಾಲೆ ಕೆಲಸ ಮಾಡೋರ ಕೊರಳಾಗ, ಯಾರು ಎಲ್ಲಿದ್ದಾರಂತ ತಿಳಸೂ ಒಂದೊಂದು ಅಲ್ಟ್ರಾ ವೈಡ್‌ಬ್ಯಾಂಡ್ ಟ್ಯಾಗು. ಅದು ಬಿಡೂ ರೇಡಿಯೋ ಮಿಡಿತ ಭಾಳ ಸಣ್ಣದು, ಸುತ್ತಲಿನ ರೇಡಿಯೋ ಗದ್ದಲದಾಗ ಮುಳುಗಿರ್ತದ. ಪ್ರತಿ ಟ್ಯಾಗಿನ ಮಿಡಿತದ ನಮೂನಿ ರಿಸೀವರಿಗೆ ಗೊತ್ತು. ಬಂದದ್ದನ್ನ ಅದಕ್ಕ ತಾಳೆ ನೋಡಿ, ಹೊಂದಿಕಿ ನಾವಿಟ್ಟ ಮಿತಿ ದಾಟಿದ್ರ ನನ್ನ ಟ್ಯಾಬಿನ ಪರದೆ ಮ್ಯಾಲೆ ಚುಕ್ಕಿ ತೋರಸ್ತದ. ಮಿತಿ ಇಳಿಸಿದ್ರ ಸುಳ್ಳು ಚುಕ್ಕಿ, ಏರಿಸಿದ್ರ ಖರೇ ಮನಷ್ಯಾನೂ ಕಾಣಂಗಿಲ್ಲ. ಆ ಮಿತಿ ಇಡೂದ ನನ್ನ ಕೆಲಸ.

ಅವತ್ತು ಸಂಜೀಕ, ರಾತ್ರಿ ಪಾಳಿಗೆ ಬಂದ ದೋರನಹಳ್ಳಿ ಭೀಮವ್ವ ತನ್ನ ಟ್ಯಾಗು ತಂದ್ಳು. "ಅಕ್ಕಾರ, ಇದು ಸತ್ತದ ನೋಡ್ರಿ."

"ನಾಳಿ ಮಾಡಿ ಕೊಡ್ತೀನಿ, ಹೋಗಬೇ" ಅಂದೆ. ಬ್ಯಾರೆ ಟ್ಯಾಗು ಕೊಡಬೇಕಿತ್ತು. ಚಹಾ ಆರ್ತದಂತ ಏಳಲಿಲ್ಲ, ನನ್ನ ಸೊಕ್ಕು! ಬ್ಯಾಟರಿ ಸೆಲ್ ತಗದು ಟ್ಯಾಗು ಮೇಜಿನ ಖಾನ್ಯಾಗ ಒಗದೆ.

ನಡುರಾತ್ರಿ ರಾಶಿ ಕುಸೀತು. ಕೂಲ್ಯಾರ ಮುಕಾದಮ್ ಶರಣಪ್ಪ ತೇಕ್ಕೋತ ನನ್ನ ಖೋಲಿಗೆ ಬಂದ.

"ಭೀಮವ್ವ ಒಳಗ ಸಿಕ್ಕಾಳ್ರೀ! ಎಲ್ಲಿ ತೋಡಬೇಕು ತೋರಸ್ರಿ, ಲಗೂನ!"

ಏನು ತೋರಸಲಿ? ಆಕಿ ಕೊರಳಾಗ ಟ್ಯಾಗೇ ಇಲ್ಲ... ರಾಶಿ ಮನಿಯಷ್ಟು ಎತ್ತರ. ಮೂಗು ಬಾಯಾಗ ಹತ್ತಿ ಹೊಕ್ಕರ ಎಷ್ಟೊತ್ತು ತಡೀತಾಳ? ಹುಚ್ಚಿಯಂಗ ಮಿತಿ ಪೂರಾ ಇಳಿಸಿದೆ. ಟ್ಯಾಬ್ ತುಂಬ ಸುಳ್ಳು ಚುಕ್ಕಿ ಹಾರಾಡಿದ್ವು.

ಒಂದು ಮಾತ್ರ ಅಲುಗಲಿಲ್ಲ. ಬಡಗಣ ಮೂಲ್ಯಾಗ... ಅದರ ಬಾಜೂಕ ಭೀಮವ್ವನ ನಂಬರು.

ಮಿತಿ ಏರಿಸಿದೆ. ಉಳಿದವೆಲ್ಲಾ ಹೋದ್ವು, ಅದು ನಿಂತೇ ಇತ್ತು. ಖಾನಿ ಎಳೆದು ನೋಡಿದೆ. ಆಕಿ ಟ್ಯಾಗು ಸೆಲ್ಲಿಲ್ಲದ ಅಲ್ಲೇ ಬಿದ್ದಿತ್ತು.

"ಬಡಗಣ ಮೂಲಿ ತೋಡ್ರಿ!" ಒದರಿದೆ.

ಎಲ್ಲಾರೂ ಕೈಲೇ ಹತ್ತಿ ಎಳೆದ್ರು. ಮಷೀನ್ ಬಂದ್ ಆಗಿದ್ವು. ಮುಗ್ಗಿದ ಹತ್ತಿ ವಾಸನಿ, ತೇಕೂ ಸಪ್ಪಳ, ಅಷ್ಟೇ... ಮೊದಲ ಬಳಿ ಕಂಡ್ವು, ಆಮ್ಯಾಲೆ ಕೈ. ಜೀವ ಇತ್ತು! ನಾ ಅಲ್ಲೇ ಕುಂತು ಹೋ ಅಂತ ಅತ್ತೆ.

ಹೊರಗ ಒಯ್ದು ನೀರು ಕುಡಿಸಿದ್ವಿ. ಭೀಮವ್ವ ಕಣ್ಣು ತಗದು ಸುತ್ತ ಹುಡುಕಿದ್ಳು. "ಆಕಿನ್ನೂ ತಗದ್ರೇನ್ರಿ?"

"ಯಾರನ್ನ ಬೇ?"

"ನನ್ನ ಬಾಯಾಗಿನ ಹತ್ತಿ ತಗ್ಯಾಕತ್ತಿದ್ಳಲ್ರಿ... ಸಣ್ಣ ಕೈ, ಭಾಳ ತಂಪು. ನನ್ನ ಹಿಂದನ ಇದ್ಳು."

ಶರಣಪ್ಪ ಮಂದಿ ಎಣಿಸಿದ. ಎಲ್ಲಾರೂ ಇದ್ರು. ಆದ್ರೂ ನೆಲ ಕಾಣೂ ತನಕ ತೋಡಿದ್ವಿ. ಯಾರೂ ಇರಲಿಲ್ಲ. ಟ್ಯಾಬ್ ನೋಡಿದೆ... ಚುಕ್ಕಿ ಅಲ್ಲೇ ಇತ್ತು, ಬರೇ ಸಿಮೆಂಟು ನೆಲದಾಗ.

"ರಿಸೀವರ್ ಕೆಟ್ಟದ ಬಿಡ್ರಿ" ಅಂದ ಶರಣಪ್ಪ, ನನ್ನ ಮಾರಿ ನೋಡದ.

ಮರುದಿನ ಪೂರಾ ತಪಾಸ ಮಾಡಿದೆ. ಏನೂ ಕೆಟ್ಟಿದ್ದಿಲ್ಲ. ಆ ಮೂಲ್ಯಾಗ ಈಗೂ ದಿನಾ ಟ್ರ್ಯಾಕ್ಟರ್ ಖಾಲಿ ಮಾಡ್ತಾರ, ಆ ಚುಕ್ಕಿ ಕಾಣಬಾರದಂತ ನಾ ಟ್ಯಾಬ್ ಬೋರಲ ಹಾಕಿ ಕುಂದರ್ತೀನಿ. ಭೀಮವ್ವನ್ನ ಉಳಿಸಿದಾಕಿ ಮ್ಯಾಲೆ ನಾವ ಹತ್ತಿ ಸುರೀಲಿಕತ್ತೇವೇನೋ ಅಂತ ಜೀವ ಹಿಂಡತದ್ರಿ...