ಖಾರದ ಕೈಯೂ ಭೂಮಿತಿಯ ಪೇಪರೂ

ನನ್ನ ಸೋದರತ್ತೆ ಚಹಾದ ಲೋಟವನ್ನು ಬೆರಳಿನಿಂದ ಹಿಡಿಯುತ್ತಿರಲಿಲ್ಲ. ಎರಡು ಮಣಿಕಟ್ಟುಗಳ ನಡುವೆ ಒತ್ತಿಕೊಂಡು, ಹತ್ತೂ ಬೆರಳನ್ನು ದೂರ ಬಿಡಿಸಿಟ್ಟು ಸೊರ್ರನೆ ಕುಡಿಯುತ್ತಿದ್ದಳು. ಬ್ಯಾಡಗಿಯ ದಲಾಲರ ಅಡತಿ ಅಂಗಡಿಯ ಅಂಗಳದಲ್ಲಿ ದಿನವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೈ ಅದು. ಉಗುರಿನ ಸಂದಿ ಸದಾ ಕೆಂಪು. ಮೂಗು ತುರಿಸಿದರೆ ಭುಜಕ್ಕೆ ತಿಕ್ಕಿಕೊಳ್ಳಬೇಕು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವವರು ಒಂದು ದಿನ ತೊಟ್ಟು ಬಿಡಿಸಿ ಕಣ್ಣು ಒರೆಸಿಕೊಳ್ಳಲಿ, ಆಮೇಲೆ ಮಾತಾಡೋಣ.

ಅಪ್ಪ ಕಾಗಿನೆಲೆಯ ಕಡೆ ಹೊಲ ಮಾಡಿಕೊಂಡಿದ್ದ. ನಾನು ವಿಧವೆ ಅತ್ತೆಯ ಹತ್ತಿರ ಇದ್ದು ದಿನಾ ರೈಲಿನಲ್ಲಿ ಹಾವೇರಿಯ ಹೈಸ್ಕೂಲಿಗೆ ಹೋಗುತ್ತಿದ್ದೆ. ನಲವತ್ತರ ದಶಕದ ಆರಂಭ. ಇಂಗ್ಲಿಷ್ ಐದನೆಯ ಇಯತ್ತೆಯಲ್ಲಿ, ಅಂದರೆ ಈಗಿನ ಒಂಬತ್ತನೆಯ ತರಗತಿಯಲ್ಲಿ, ವಿಷಯ ಆರಿಸಿಕೊಳ್ಳಬೇಕಿತ್ತು. ಹುಡುಗರಿಗೆ ಬೀಜಗಣಿತ, ಭೂಮಿತಿ. ಹುಡುಗಿಯರು ಬೇಕಾದರೆ ಅದನ್ನು ಬಿಟ್ಟು ಆರೋಗ್ಯಶಾಸ್ತ್ರ ತೆಗೆದುಕೊಳ್ಳಬಹುದು. ಆ 'ಬೇಕಾದರೆ' ಕಾಗದದಲ್ಲಿ ಮಾತ್ರ. ಹೆಡ್‌ಮಾಸ್ತರರು ನಮ್ಮ ಮೂವರು ಹುಡುಗಿಯರನ್ನು ಕೇಳದೆಯೇ ಹೆಸರು ಆರೋಗ್ಯಶಾಸ್ತ್ರಕ್ಕೆ ಬರೆದುಬಿಟ್ಟಿದ್ದರು. ನನಗೋ ಗಣಿತವೆಂದರೆ ಪ್ರಾಣ. ಸಂಜೆ ಮನೆಗೆ ಬಂದು ಹೋ ಎಂದು ಅತ್ತುಬಿಟ್ಟೆ.

"ಗಣಿತಕ್ಕ ಮೀಸಿ ಬೇಕಂತೇನು?" ಎಂದಳು ಅತ್ತೆ.

ಮರುದಿನ ನನ್ನ ಜೊತೆಗೇ ರೈಲು ಹತ್ತಿ ಬಂದು ಹೆಡ್‌ಮಾಸ್ತರರ ಮುಂದೆ ನಿಂತಳು. ಅವರು ಕೆಟ್ಟವರಲ್ಲ, ತಾಳ್ಮೆಯಿಂದಲೇ ಹೇಳಿದರು: "ಭಾಳ ಬಿರಿ ವಿಷಯ ಅದವಾ, ಭಾರ ಆಗ್ತದ. ಹುಡುಗೇರಿಗೆ ಯಾಕ ಸುಮ್ನ ತ್ರಾಸು?"

"ಬಿರಿ ಐತೋ ಹಗೂರ ಐತೋ, ಹೊತ್ತ ಮ್ಯಾಲ ತಿಳೀತೈತ್ರಿ. ಹೊರಸಿ ನೋಡ್ರಿ."

ಕೊನೆಗೆ ಒಂದು ಕರಾರಾಯಿತು. ವಾರ್ಷಿಕ ಪರೀಕ್ಷೆಯಲ್ಲಿ ಗಣಿತ ಫೇಲಾದರೆ ಮುಂದೆ ನಾನು ಚಕಾರ ಎತ್ತದೆ ಆರೋಗ್ಯಶಾಸ್ತ್ರಕ್ಕೆ ಹೋಗಬೇಕು. ಅತ್ತೆ ಹೆಬ್ಬೆಟ್ಟು ಒತ್ತಿ ಬಂದಳು.

ಅಕ್ಷರ ಬಾರದ ಆಕೆಯೇ ನನ್ನಿಂದ ಪಾಠ ಒಪ್ಪಿಸಿಕೊಳ್ಳುವವಳು. ನಾನು ಪ್ರಮೇಯ ಓದುತ್ತಿದ್ದರೆ ನಡುವೆ ನಿಲ್ಲಿಸಿ "ಯಾಕ?" ಎನ್ನುತ್ತಿದ್ದಳು. ಪುಸ್ತಕದಲ್ಲಿ ಹಾಗೇ ಇದೆ ಎಂದರೆ, "ಪುಸ್ತಕದಾಗ ಇದ್ದದ್ದು ಪುಸ್ತಕಕ್ಕ ಆತು. ನೀ ಹೇಳು, ಯಾಕ?" ಆ ಒಂದು 'ಯಾಕ'ಕ್ಕೆ ಉತ್ತರ ಹುಡುಕುತ್ತ ನಾನು ಇಡೀ ಭೂಮಿತಿ ಕಲಿತೆ.

ಪರೀಕ್ಷೆ ಬಂದದ್ದು ಮಾರ್ಚಿನಲ್ಲಿ, ಮೆಣಸಿನಕಾಯಿಯ ಭರ್ತಿ ಸುಗ್ಗಿ. ಭೂಮಿತಿಯ ದಿನ ಅತ್ತೆ ರಾಶಿಯ ಮುಂದಿನಿಂದಲೇ ಎದ್ದು, ಬುತ್ತಿ ಎತ್ತಿಕೊಂಡು ಸ್ಟೇಷನ್ನಿಗೆ ಓಡಿ ಬಂದಳು. ಬರೆಯುವ ಟಾಕಿನ ಮಸಿ ಒರೆಸಲು ಅರಿವೆ ಮರೆತಿದ್ದೆ. ತನ್ನ ಹಳೆಯ ಸೀರೆಯ ಸೆರಗನ್ನು ಪರ್ರನೆ ಹರಿದು, ಮಡಿಸಿ, ನನ್ನ ಕೈಗಿಟ್ಟು, ತಾನೂ ರೈಲು ಹತ್ತಿದಳು.

ಪೇಪರು ಅರ್ಧವಾಗಿತ್ತು. ಸೆಕೆಗೆ ಹಣೆಯ ಬೆವರು ಕಣ್ಣಿಗೆ ಇಳಿಯಿತು. ಅದೇ ಅರಿವೆಯಿಂದ ಮುಖ ಒರೆಸಿಕೊಂಡೆ. ಅಯ್ಯಯ್ಯೋ! ಎರಡೂ ಕಣ್ಣಿಗೆ ಕೆಂಡ ಇಟ್ಟಂತಾಯಿತು. ಧಾರಾಕಾರ ನೀರು. ಹೆಡ್‌ಮಾಸ್ತರರು ಹತ್ತಿರ ಬಂದು ಮರುಗಿದರು: "ಅಳಬ್ಯಾಡವಾ. ನಾ ಮೊದಲೇ ಹೇಳಿದ್ದೆ ಇಲ್ಲೋ, ಬಿರಿ ಅದ ಅಂತ?"

"ಅಳಾಕತ್ತಿಲ್ರೀ, ಖಾರ!" ಎಂದು ಚೀರಿದೆ. ಹುಡುಗರೆಲ್ಲ ಗೊಳ್ಳೆಂದರು.

ಹೊರಗೆ ಬೇವಿನ ಕೆಳಗೆ ಕೂತಿದ್ದ ಅತ್ತೆ ನನ್ನ ದನಿ ಕೇಳಿ ಬುತ್ತಿಯ ಮಜ್ಜಿಗೆ ತಂಬಿಗೆಯೊಂದಿಗೆ ನುಗ್ಗಿ ಬಂದಳು. ನೋಡಿದ ಕೂಡಲೇ ಆಕೆಗೆ ತಿಳಿಯಿತು. "ತಪ್ಪು ನಂದರೀ, ಹುಡುಗೀದಲ್ಲ. ಬೇಕಾದ್ರ ಈ ಕೈ ಮೂಸಿ ನೋಡ್ರಿ" ಎಂದು ಅವರ ಮೂಗಿನ ಹತ್ತಿರವೇ ಹಿಡಿದಳು. ಅವರು ಮೂಸಿ ನೋಡಿ ಮೂರು ಸಲ ಸೀನಿದರು. ಮಜ್ಜಿಗೆ ತಂಬಿಗೆ ತಾವೇ ಹಿಡಿದು ನನ್ನ ಕಣ್ಣು ತೊಳೆದರು. ಅತ್ತೆ ನನ್ನನ್ನು ಮುಟ್ಟಲೇ ಇಲ್ಲ.

"ಅರ್ಧಾ ತಾಸು ಹೆಚ್ಚಿಗಿ ಕೊಡ್ತೀನಿ, ಬರೀಲಿ" ಎಂದರು ಹೆಡ್‌ಮಾಸ್ತರರು.

"ಬ್ಯಾಡ್ರಿ" ಎಂದಳು ಅತ್ತೆ. "ಹುಡುಗಿ ಅಂತ ಸವಲತ್ತು ಕೊಟ್ರು ಅಂತ ನಾಳೆ ಮಂದಿ ಅಂತಾರ. ಉಳಿದ ಟೈಮಿನಾಗ ಬರೀತಾಳ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇವಳ ಕೈಯಿಂದಲೇ ನನ್ನ ಪೇಪರು ಕೆಟ್ಟಿತು, ಮೇಲೆ ಇವಳದೇ ದೌಲತ್ತು! ಆ ಸಿಟ್ಟಿನಲ್ಲೇ, ಒಂದು ಕಣ್ಣು ಮುಚ್ಚಿ ಒಂದು ಕಣ್ಣು ತೆರೆದು, ಮೋರೆ ಊದಿಸಿಕೊಂಡು ಬರೆದೆ. ನಡುವೆ ತಡವರಿಸಿದಾಗೆಲ್ಲ ಕಿವಿಯಲ್ಲಿ "ಯಾಕ?" ಕೇಳುತ್ತಿತ್ತು.

ಗಣಿತದಲ್ಲಿ ತರಗತಿಗೆ ಮೂರನೆಯವಳಾಗಿ ಪಾಸಾದೆ. ಫಲಿತಾಂಶದ ದಿನ ಸ್ಟೇಷನ್ನಿನಿಂದ ಒಂದೇ ಉಸಿರಿಗೆ ಅಡತಿ ಅಂಗಳಕ್ಕೆ ಓಡಿದೆ. ಅತ್ತೆ ರಾಶಿಯಿಂದೆದ್ದು, ಅಂಗೈ ಎರಡನ್ನೂ ಗಾಳಿಯಲ್ಲಿ ಎತ್ತಿ ಹಿಡಿದು, ಬರೀ ಮೊಣಕೈಯಿಂದ ನನ್ನನ್ನು ತಬ್ಬಿಕೊಂಡಳು. "ಏ, ಕೇಳ್ರೇ! ನನ್ನ ಕೂಸು ಗಂಡುಹುಡುಗರ ಗಣಿತ ಪಾಸಾತು!" ಎಂದು ಇಡೀ ಅಂಗಳಕ್ಕೆ ಕೂಗಿದಳು. ಮುಂದಿನ ವರ್ಷ ಹೆಡ್‌ಮಾಸ್ತರರು ಹುಡುಗಿಯರನ್ನು ಕೇಳಿ ವಿಷಯ ಬರೆದುಕೊಂಡರು. ಇಬ್ಬರು ಗಣಿತ ಅಂದರಂತೆ.

ನಾನು ರಾಣೇಬೆನ್ನೂರಿನಲ್ಲಿ ಗಣಿತ ಕಲಿಸುತ್ತಲೇ ಮುದುಕಿಯಾದೆ. ಎಷ್ಟು ಕರೆದರೂ ಅತ್ತೆ ನನ್ನ ಮನೆಗೆ ಬಂದು ನಿಲ್ಲಲಿಲ್ಲ. ಸಾಯುವ ಹಿಂದಿನ ದಿನವೂ ತೊಟ್ಟು ಬಿಡಿಸಿದ್ದಳು. ಸುದ್ದಿ ತಿಳಿದು ನಾನು ಬಂದಾಗ ಹೆಂಗಸರು ಇನ್ನೂ ಮೈ ತೊಳೆದಿರಲಿಲ್ಲ. ಉಗುರಿನ ಸಂದಿ ಕೆಂಪಗೇ ಇತ್ತು. ಯಾರಾದರೂ ತಡೆಯುವುದರೊಳಗೆ ಆ ಕೈಗಳನ್ನು ಎತ್ತಿ ನನ್ನ ಎರಡೂ ಕಣ್ಣಿಗೆ ಒತ್ತಿಕೊಂಡೆ. ಉರಿಯಲಿ ಎಂದೇ ಒತ್ತಿಕೊಂಡೆ.