ನಲವತ್ತಮೂರನೇ ನಂಬರಿನ ಬಿಲ್ಲೆ

ಸರ್ಕಾರಕ್ಕೆ ಹೆದರುವುದರಲ್ಲಿ ಇದನ್ನು ಬರೆಯುತ್ತಿರುವ ಹದಿನೆಂಟು ರೂಪಾಯಿ ಸಂಬಳದ ಗುಮಾಸ್ತ ಯಾರಿಗೂ ಕಡಿಮೆಯವನಲ್ಲ. ಅಂಚೆಯವನು ಬಾಗಿಲು ತಟ್ಟಿದರೂ ತಾನೇನು ತಪ್ಪು ಮಾಡಿದೆ ಎಂದು ಯೋಚಿಸಿಯೇ ಚಿಲಕ ತೆಗೆಯುವ ಪೈಕಿ. ಆದರೆ ಹುಣಸೂರಿನ ಗಾಡಿ ಮಂಚಯ್ಯನ ಪಕ್ಕ ನಿಲ್ಲಿಸಿದರೆ ಈ ಗುಮಾಸ್ತನೂ ಪುಂಡನ ಹಾಗೆ ಕಂಡಾನು.

ಮಂಚಯ್ಯನ ಅಪ್ಪ ತಲೆಹೊರೆಯಲ್ಲೇ ಬದುಕು ಮುಗಿಸಿದವನು. ಮಂಚಯ್ಯ ಮರದ ಡಿಪೋದಲ್ಲಿ ಆರು ವರ್ಷ ದಿಮ್ಮಿ ಉರುಳಿಸಿ, ಸ್ವಂತದ್ದೊಂದು ಗಾಡಿ, ಒಂದು ಜೊತೆ ಕೆಂದೆತ್ತು ಮಾಡಿಕೊಂಡ. ಬಾಡಿಗೆ ಹೊಡೆಯುವ ಗಾಡಿಗೆ ವರ್ಷಕ್ಕೊಮ್ಮೆ ತೆರಿಗೆ ಕಟ್ಟಬೇಕು. ಕಟ್ಟಿದವನಿಗೆ ಕಚೇರಿಯಲ್ಲಿ ನಂಬರು ಒತ್ತಿದ ಹಿತ್ತಾಳೆ ಬಿಲ್ಲೆ ಕೊಡುತ್ತಾರೆ. ಅದನ್ನು ಗಾಡಿಯ ಪಕ್ಕದ ಹಲಗೆಗೆ ಬಡಿಯಬೇಕು. ಉಳಿದ ಗಾಡಿಯವರು ಜವಾನ ಮನೆ ಮುಂದೆ ಬಂದು ಕೂಗಾಡುವವರೆಗೂ ಅತ್ತ ತಲೆ ಹಾಕುತ್ತಿರಲಿಲ್ಲ. ಮಂಚಯ್ಯ ಮಾತ್ರ ಜುಲೈ ಹುಟ್ಟಿದ ದಿನವೇ ಕ್ಷೌರ ಮಾಡಿಸಿಕೊಂಡು, ಒಗೆದ ಪಂಚೆ ಉಟ್ಟು, ಹೆಣ್ಣು ನೋಡಲು ಹೊರಟವನಂತೆ ಕಚೇರಿಗೆ ಹೋಗುತ್ತಿದ್ದ. ಅವನದು ನಲವತ್ತಮೂರನೇ ನಂಬರು. ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ಬಿಲ್ಲೆ ಉಜ್ಜುವಾಗ ಹೆಂಡತಿ ಚಿಕ್ಕಬೀರಮ್ಮ ರೇಗಿಸುತ್ತಿದ್ದಳು: "ನನ್ನ ಮೂಗುಬಟ್ಟನ್ನ ಒಂದಿನಾನೂ ಇಂಗೆ ಉಜ್ಜಿಕೊಡ್ನಿಲ್ಲ."

ತಾಯಿಯಿಲ್ಲದ ಅವಳ ತಮ್ಮ ಸಣ್ಣಬೀರಯ್ಯ ಇವರ ಮನೆಯಲ್ಲೇ ಬೆಳೆದವನು. ಅವನೂ ಒಂದು ಹಳೇ ಗಾಡಿ, ಬಿಳಿ ಎತ್ತು ಹಿಡಿದಾಗ ತೆರಿಗೆಗೆ ಕಾಸಿರಲಿಲ್ಲ. ಆಗ ದಾರಿ ಹುಡುಕಿದವನು ಮಂಚಯ್ಯನೇ.

"ತೆರಿಗೆ ಯಾಕ್ಲಾ ಕಟ್ಟೋದು? ರಸ್ತೆ ಸವೀತದೆ ಅಂತ. ನನ್ನ ಎತ್ತು ಸುಧಾರಿಸ್ಕೊಳ್ಳೋ ದಿನ ನೀನು ಬಾಡಿಗೆ ಹೊಡಿ. ಯಾವ ದಿನ ನೋಡಿದ್ರೂ ರಸ್ತೆ ಮೇಲೆ ಒಂದೇ ಗಾಡಿ. ಸರ್ಕಾರಕ್ಕೇನು ಲುಕ್ಸಾನು?"

ಹೀಗೆ ಮೊಳೆ ಕಿತ್ತು ತಂತಿ ಬಂತು. ಹೊರಡುವ ಗಾಡಿಗೆ ಬಿಲ್ಲೆ ಕಟ್ಟುವುದು, ಬಂದ ಮೇಲೆ ಬಿಚ್ಚುವುದು. ಎರಡು ವರ್ಷ ಯಾರೂ ಕೇಳಲಿಲ್ಲ.

ಮೂರನೇ ವರ್ಷದ ಮಾಗಿಯಲ್ಲಿ ಒಂದು ದಿನ ಅಂತರಸಂತೆ ಹತ್ತಿರ, ಕಾಡಿನಿಂದ ಬರುವ ಗಾಡಿಗಳನ್ನು ತಪಾಸಣೆ ಮಾಡುವ ನಾಕಾದಲ್ಲಿ, ಅರಣ್ಯ ಇಲಾಖೆಯ ಗಾರ್ಡು ಮಂಚಯ್ಯನ ಗಾಡಿ ತಡೆದ. ಬಿಲ್ಲೆ ನೋಡಿದ. ಎತ್ತು ನೋಡಿದ.

"ಮೊನ್ನೆ ಬಿಳೀ ಎತ್ತು ಕಟ್ಟಿದ್ಯಲ್ಲಯ್ಯಾ?"

"ಬದಲಾಯಿಸ್ದೆ, ಸ್ವಾಮಿ."

ಸರ್ಕಾರದ ಮುಂದೆ ಮಂಚಯ್ಯ ಆಡಿದ ಮೊದಲನೇ ಸುಳ್ಳು. ಗಾರ್ಡು ಬೈಯಲಿಲ್ಲ. ಪೆನ್ಸಿಲನ್ನು ನಾಲಿಗೆಗೆ ಒತ್ತಿ, ನಿಧಾನವಾಗಿ ಏನೋ ಬರೆದುಕೊಂಡು, "ಹೋಗು" ಅಂದ. ಎರಡು ಏಟು ಬಿಟ್ಟಿದ್ದರೂ ಮಂಚಯ್ಯನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಮಾರನೇ ದಿನ, ಸೋಮವಾರ, ಸಣ್ಣಬೀರಯ್ಯ ಗಾಡಿ ಹೊಡೆದುಕೊಂಡು ಹೋಗಿ ಬಂದ. ಮಂಚಯ್ಯ ಬಿಲ್ಲೆ ಬಿಚ್ಚಿಕೊಂಡ. ಯಾವಾಗಲೂ ಕೀಲೆಣ್ಣೆ, ಧೂಳು ನಾರುತ್ತಿದ್ದ ಬಿಲ್ಲೆ ಅವತ್ತು ಗುಡಿಯ ಹಾಗೆ ಘಮ್ಮೆನ್ನುತ್ತಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದ. ಬೂದಿ ಹಾಕಿ ತಿಕ್ಕಿದ. ವಾಸನೆ ಈಗ ಕೈಗೂ ಅಂಟಿತು.

"ಏನ್ಲಾ ಇದು?"

ಸಣ್ಣಬೀರಯ್ಯ ನಕ್ಕ. "ಉಲ್ಲಿನ ಅಡೀಲಿ ನಾಕು ತುಂಡು ಇತ್ತು ಬಾವ. ಒಂದೆಲ್ಡು ದಪ, ಅಷ್ಟೇಯ. ಬುಡು."

"ಗಂಧದ ಮರ ಮಾರಾಜ್ರದ್ದು ಕಣ್ಲಾ! ನಮ್ಮ ಇತ್ತಿಲಲ್ಲೇ ಉಟ್ಟಿದ್ರೂ ಅವರ್ದೇ!"

"ಯಾರು ನೋಡವ್ರೆ ನನ್ನ?"

"ನಿನ್ನ ಯಾರೂ ನೋಡಿಲ್ಲ. ನಂಬರು ನೋಡವ್ರೆ. ನಂಬರು ಯಾರ್ದ್ಲಾ?"

ನಗು ನಿಂತಿತು. ಒಲೆಯ ಮುಂದಿದ್ದ ಚಿಕ್ಕಬೀರಮ್ಮ ಎದ್ದು ಬಂದಳು. "ಅವ್ವ ಸಾಯೋವಾಗ ಅವನ ಕೈಯ ನನ್ನ ಕೈಲಿ ಮಡಗಿ ಓದ್ಲು. ಎಲ್ಲೂ ಅವನೆಸರು ಎತ್ತಬ್ಯಾಡ," ಅಂದಳು. ಗಂಡನ ಹೆಸರು ಆಗಲೇ ಎಲ್ಲೋ ಬರೆದಾಗಿದೆ ಎಂಬುದು ಅವಳಿಗೆ ಹೊಳೆಯಲಿಲ್ಲ. ಹೊಳೆದಿತ್ತೋ ಏನೋ.

ಮಂಚಯ್ಯ ಒಗೆದ ಪಂಚೆ ಉಟ್ಟು ಕಚೇರಿಗೆ ಹೋದ. ಜುಲೈ ಅಲ್ಲದ ತಿಂಗಳಲ್ಲಿ ಅವನು ಬಂದದ್ದು ಕಂಡು ಬಿಲ್ಲೆ ಕೊಡುವ ಅಲ್ಲಿನ ಗುಮಾಸ್ತ ನಂಜಣ್ಣನಿಗೆ ಆಶ್ಚರ್ಯ.

"ಒಬ್ಬರ ಬಿಲ್ಲೇನ ಇನ್ನೊಬ್ಬರು ಕಟ್ಕೊಂಡ್ರೆ ಏನಾಯ್ತದೆ ಬುದ್ಧಿ? ಸುಮ್ಕೆ ಕೇಳ್ದೆ."

"ಇಬ್ಬರಿಗೂ ದಂಡ. ಆ ಗಾಡೀಲಿ ಏನಾದ್ರೂ ಸಿಕ್ಕಿಬಿದ್ರೆ, ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನ ಮನೆಗೇ ಮೊದಲು ಬರೋದು. ಗಾಡಿ, ಎತ್ತು ಎಲ್ಲಾ ಜಪ್ತಿ. ಯಾಕಯ್ಯ?"

"ಏನಿಲ್ಲ ಬುದ್ಧಿ."

ಬರುವಾಗ ಕಮ್ಮಾರನ ಹತ್ತಿರ ನಾಲ್ಕು ಉದ್ದನೆಯ ಮೊಳೆ ಮಾಡಿಸಿಕೊಂಡ. ಇನ್ನು ಮೇಲೆ ಬಿಲ್ಲೆ ಕದಲಬಾರದು. ಮಾರನೇ ಬೆಳಿಗ್ಗೆ ತನ್ನ ಗಾಡಿಯ ಹಲಗೆಗೆ ಅದನ್ನಿಟ್ಟು, ಮೊಳೆ ಆಚೆ ಬದಿಗೆ ಬರುವಂತೆ ಹೊಡೆದು, ತುದಿ ಮಡಿಸಿ ಬಡಿದ. ಗಾರ್ಡು ಗಾಡಿ ತಡೆದ ಮೇಲೆ ಮೊದಲ ಸಲ ಉಸಿರು ಹಗುರವಾಯಿತು. ನಾಲ್ಕನೇ ಮೊಳೆ ಮಡಿಸುವಾಗ ಬೀದಿಯ ನಾಯಿಗಳು ಬೊಗಳಿದವು.

ನಾಕಾದ ಗಾರ್ಡು, ಅವನ ಹಿಂದೆ ಇಬ್ಬರು ಪೊಲೀಸರು. ಗಾರ್ಡು ಬಗ್ಗಿ ಬಿಲ್ಲೆ ನೋಡಿದ. ಮೂಗು ಹತ್ತಿರ ತಂದ.

"ಸೋಮವಾರ ಈ ಬಿಲ್ಲೆ ಯಾವ ಗಾಡೀಲಿತ್ತು?"

ಮೂರು ಮಾರು ಆಚೆ ಸಣ್ಣಬೀರಯ್ಯ ಬಿಳೀ ಎತ್ತಿನ ಕೊರಳು ಹಿಡಿದು ನಿಂತಿದ್ದ. ಅವನ ಗಾಡಿಯ ಹಲಗೆಯಲ್ಲಿ ತಂತಿಯ ತುಂಡೊಂದು ಇನ್ನೂ ನೇತಾಡುತ್ತಿತ್ತು. ಮಂಚಯ್ಯ ಅವನ ಮುಖ ನೋಡಿದ. ಒಂದು ಮಾತು ಅವನ ಬಾಯಿಂದಲೇ ಬಂದೀತೆಂದು ಕಾದ. ಸಣ್ಣಬೀರಯ್ಯ ಎತ್ತಿನ ಕೊರಳ ಹಗ್ಗ ಸರಿಮಾಡತೊಡಗಿದ. ಚಿಕ್ಕಬೀರಮ್ಮ ಬಾಗಿಲಲ್ಲಿದ್ದಳು, ಅವಳು ತಮ್ಮನನ್ನು ನೋಡುತ್ತಿರಲಿಲ್ಲ, ಗಂಡನನ್ನೇ ನೋಡುತ್ತಿದ್ದಳು.

"ಕೇಳಿಸ್ತೇನಯ್ಯಾ? ಯಾವ ಗಾಡೀಲಿತ್ತು?"

"ತೆರಿಗೆ ಕಟ್ಟಿರೋನು ನಾನು, ಸ್ವಾಮಿ," ಅಂದ ಮಂಚಯ್ಯ.

ಗಾರ್ಡು ಪೆನ್ಸಿಲನ್ನು ನಾಲಿಗೆಗೆ ಒತ್ತಿದ.

ಸಾಕ್ಷಿಗೆ ಬಿಲ್ಲೆ ಬೇಕಿತ್ತು. ಪೊಲೀಸರಿಬ್ಬರೂ ಸರದಿಯ ಮೇಲೆ ಎಳೆದರು, ಮೊಳೆ ಜಗ್ಗಲಿಲ್ಲ. ಕೊನೆಗೆ ಗರಗಸ ತರಿಸಿ ಹಲಗೆಯ ಸಮೇತ ಕುಯ್ದುಕೊಂಡರು. ಕುಯ್ಯುವಾಗ ಹಲಗೆ ಅಲುಗದ ಹಾಗೆ ಹಿಡಿದುಕೊಳ್ಳಲು ಮಂಚಯ್ಯನಿಗೇ ಹೇಳಿದರು. ಅವನು ಗಟ್ಟಿಯಾಗಿ ಹಿಡಿದುಕೊಂಡ.