ಗುರುದೇವಿಯ ಸಹಿ ಬಿದ್ದ ಪ್ಲಗ್ಗು

ಬೆಳಗಾವಿಯ ಉದ್ಯಮಬಾಗದ ಒಂದು ಟೂಲ್‌ರೂಮಿನಲ್ಲಿ ನಕ್ಷೆ ಬರೆಯುತ್ತಿದ್ದ ಗುರುದೇವಿ ೧೯೯೩ರಲ್ಲಿ ಮದುವೆಯಾಗಿ ಇಂಗ್ಲಿಷರ ನಾಡಿನ ಫೆಲ್ಥಮ್ಮಿಗೆ ಬಂದಳು. ಗಂಡ ವೀರಣ್ಣ ವಿಮಾನ ನಿಲ್ದಾಣದಲ್ಲಿ ಗಾಡಿ ಓಡಿಸುತ್ತಿದ್ದ. ಅವಳಿಗೆ ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಪ್ಲಗ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಗೋಡೆಗೆ ಚುಚ್ಚುವ ಪ್ಲಗ್ಗಲ್ಲ. ಲಾರಿ, ಕ್ರೇನುಗಳಲ್ಲಿ ಒಂದು ಕೇಬಲ್ಲಿಗೆ ಇನ್ನೊಂದನ್ನು ಕೂಡಿಸಿ ಉಂಗುರ ತಿರುವಿ ಬಿಗಿಯುವಂಥ ದುಂಡನೆಯ ಪ್ಲಗ್ಗು. ನಾಲ್ಕು ವರ್ಷ ಬೆಂಚಿನ ಮುಂದೆ ಕೂತು ತಂತಿಗಳಿಗೆ ಪಿನ್ನು ಒತ್ತಿದಳು. ಕಂಪ್ಯೂಟರಿನಲ್ಲಿ ನಕ್ಷೆ ಬರೆಯಬಲ್ಲಳೆಂದು ಗೊತ್ತಾದ ಮೇಲೆ ಮಹಡಿಯ ಡಿಸೈನ್ ಕೋಣೆಗೆ ಕರೆದರು.

ಅಂಜಿಕೆ ಅವಳ ಹುಟ್ಟುಗುಣ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಓಡಿ ಬರುತ್ತಿದ್ದಳು. ಮಗಳ ಶಾಲೆಯಿಂದ ಫೋನ್ ಬಂದರೆ ಎತ್ತುವ ಮೊದಲೇ ಅಂಗೈ ಬೆವರುತ್ತಿತ್ತು. ಡಿಸೈನ್ ಕೋಣೆಯ ಮುಖ್ಯಸ್ಥ ಡೆರೆಕ್ ಮಾತ್ರ ಈ ಗುಣವನ್ನು ಮೆಚ್ಚಿಕೊಂಡಿದ್ದ. ಹೆದರುವವರು ಎರಡು ಸಲ ಅಳೆಯುತ್ತಾರೆ ಎನ್ನುತ್ತಿದ್ದ.

೨೦೦೦ದಲ್ಲಿ ಅವಳು ಮೊದಲ ಬಾರಿಗೆ ತನ್ನದೇ ನಕ್ಷೆಗೆ ಸಹಿ ಹಾಕಿದಳು. ವಿಮಾನಕ್ಕೆ ಊಟದ ಟ್ರಾಲಿ ಏರಿಸುವ ಲಾರಿಗಳಿಗಾಗಿ ಮಾಡಿದ, ಹಸಿರು ಉಂಗುರದ ಪ್ಲಗ್ಗು ಅದು. ಲಾರಿಯ ಮೇಲಿನ ದೊಡ್ಡ ಪೆಟ್ಟಿಗೆ ಮನುಷ್ಯರ ಸಮೇತ ವಿಮಾನದ ಬಾಗಿಲಿನ ಎತ್ತರಕ್ಕೆ ಏರುತ್ತದೆ, ಇಳಿಯುತ್ತದೆ. ಏರು, ಇಳಿ, ನಿಲ್ಲು ಎಂಬ ಅಪ್ಪಣೆಗಳೆಲ್ಲ ಆ ಪ್ಲಗ್ಗಿನ ಮೂಲಕವೇ ಹೋಗಬೇಕು. ಒಳಗೆ ಪಿನ್ನನ್ನು ಎರಡು ಸ್ಪ್ರಿಂಗ್ ಎಲೆಗಳು ಅಪ್ಪಿ ಹಿಡಿಯುತ್ತವೆ. ಮೊದಲು ಅವಕ್ಕೆ ಚಿನ್ನದ ತೆಳು ಲೇಪವಿರುತ್ತಿತ್ತು. ಅಗ್ಗವಾಗಬೇಕೆಂದು ಗುರುದೇವಿ ಅದನ್ನು ತವರಕ್ಕೆ ಬದಲಿಸಿದಳು. ನಮ್ಮಲ್ಲಿ ಪಾತ್ರೆಗೆ ಹಾಕುವ ಕಲಾಯಿ ಇದೆಯಲ್ಲ, ಅದೇ ತವರ. ನಡುಗುವ ಯಂತ್ರದ ಮೇಲೆ ಎಂಟು ತಾಸು ಕುಣಿಸಿ ನೋಡಿದರು. ಏನೂ ಆಗಲಿಲ್ಲ.

೨೦೦೨ರ ನವೆಂಬರಿನ ಒಂದು ಸೋಮವಾರ ಸಂಜೆ ವೀರಣ್ಣ ಊಟಕ್ಕೆ ಕೂತಿದ್ದ. ಆ ಹೊತ್ತಿಗೆ ಅವನು ಊಟದ ಲಾರಿಗೆ ವರ್ಗವಾಗಿ ಆರು ತಿಂಗಳಾಗಿತ್ತು.

"ಇವತ್ತ ಪೆಟಗಿ ಇಳಸಾಕ ಹತ್ತಿದ್ವಿ, ಅರ್ಧಕ್ಕ ಗಪ್ಪನ ನಿಂತತು," ಎಂದ. "ಮತ್ತ ಝಟ್ಟನ ಇಳೀತು, ಮತ್ತ ನಿಂತತು. ಜಗದೇವಪ್ಪ ಮ್ಯಾಲಿದ್ದ, ಪಾಪ, ಸರಳ ಹಿಡಕೊಂಡು ಜೋತುಬಿದ್ದಿದ್ದ."

ಜಗದೇವಪ್ಪ ಕಲಬುರಗಿಯವನು, ವೀರಣ್ಣನ ಪಾಳಿಯ ಜೊತೆಗಾರ. ಹಬ್ಬ ಬಂದರೆ ಹೆಂಡತಿ ರತ್ನಾಬಾಯಿಯೊಡನೆ ಇವರ ಮನೆಯಲ್ಲೇ ಊಟ.

"ಆಮ್ಯಾಲ ಏನ್ ಮಾಡಿದ್ರಿ?" ಗುರುದೇವಿ ಕೇಳಿದಳು.

"ಮೆಕ್ಯಾನಿಕ್ ಬಂದ. ಅಲ್ಲೊಂದು ಪ್ಲಗ್ ಐತೆಲಾ, ಅದನ್ನ ಬಿಚ್ಚಿದ, ಮತ್ತ ಹಾಕಿದ. ಬೆಣ್ಣಿ ಹಂಗ ಇಳೀತು."

"ಹಸರ ಉಂಗುರದ್ದೇನ್ರಿ?"

"ಹೂಂ. ಯಾಕ?"

"ಏನಿಲ್ಲ."

ಕೈಯ ತುತ್ತನ್ನು ತಟ್ಟೆಗಿಟ್ಟಳು. ತಂತಿ ತುಂಡಾಗಿದ್ದರೆ ಪ್ಲಗ್ಗು ಬಿಚ್ಚಿ ಹಾಕಿದ ಮಾತ್ರಕ್ಕೆ ಸರಿಹೋಗುವುದಿಲ್ಲ. ಸರಿಹೋಯಿತು ಅಂದರೆ ದೋಷವಿರುವುದು ಲೋಹಕ್ಕೆ ಲೋಹ ತಾಗುವ ಜಾಗದಲ್ಲಿ. ಆ ಜಾಗವನ್ನು ಬರೆದವಳು ಅವಳೇ.

ಮಂಗಳವಾರ ಕಾರ್ಖಾನೆಗೆ ಹೋದವಳೇ ವಾಪಸು ಬಂದ ಮಾಲಿನ ಕಪಾಟು ತೆಗೆದಳು. ಹಸಿರು ಉಂಗುರದ ನಾಲ್ಕು ಪ್ಲಗ್ಗುಗಳಿದ್ದವು. ಮೂರಕ್ಕೆ "ದೋಷ ಕಂಡಿಲ್ಲ" ಎಂಬ ಚೀಟಿ ಕಟ್ಟಿತ್ತು. ನಾಲ್ಕನೆಯದನ್ನು ಯಾರೋ ಬಿಚ್ಚದೆ, ಎರಡೂ ಕಡೆ ಕೇಬಲ್ ಕತ್ತರಿಸಿ ಹಾಗೆಯೇ ಕಳಿಸಿದ್ದರು. ಅದನ್ನು ಗರಗಸದಿಂದ ನಿಧಾನವಾಗಿ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಪಿನ್ನು ಪೂರ್ತಿ ಹೊಳೆಯುತ್ತಿತ್ತು. ಎಲೆ ತಾಗುವ ಎರಡು ಚುಕ್ಕೆಗಳಲ್ಲಿ ಮಾತ್ರ ಕಾಡಿಗೆಯಂಥ ಕಪ್ಪು ಪುಡಿ.

ಅವಳಿಗೆ ಎಲ್ಲವೂ ಅರ್ಥವಾಯಿತು. ಲಾರಿಯ ಇಂಜಿನ್ ನಡುಗಿದಾಗ ಪಿನ್ನು ಎಲೆಯ ಮೇಲೆ ಕೂದಲೆಳೆಗಿಂತ ಕಡಿಮೆ ದೂರ ಸರಿದಾಡುತ್ತದೆ. ತವರ ಮೆತ್ತಗಿನ ಲೋಹ. ಉಜ್ಜಿ ಉಜ್ಜಿ ಪುಡಿಯಾಗುತ್ತದೆ, ಪುಡಿ ಗಾಳಿಗೆ ಕಪ್ಪಾಗುತ್ತದೆ, ಕಪ್ಪು ಪುಡಿ ಕರೆಂಟನ್ನು ಹರಿಯಬಿಡುವುದಿಲ್ಲ. ಎಂಟು ತಾಸಿನಲ್ಲಿ ಕಾಣದ್ದು ಎರಡು ವರ್ಷದಲ್ಲಿ ಕಂಡಿತ್ತು. ಬಿಚ್ಚಿ ಹಾಕಿದರೆ ಪುಡಿ ಒರೆಸಿಹೋಗಿ ನಾಲ್ಕು ದಿನ ನೆಟ್ಟಗೆ ನಡೆಯುತ್ತದೆ. ಅದಕ್ಕೇ ಪರೀಕ್ಷೆ ಮಾಡಿದವರಿಗೆ ದೋಷ ಕಂಡಿರಲಿಲ್ಲ.

ತಕ್ಷಣ ಎದ್ದು ಡೆರೆಕ್‌ನ ಬಾಗಿಲು ತಟ್ಟಬೇಕಿತ್ತು. ಎದ್ದಳು ಕೂಡ. ಕಾಲು ಬಾಗಿಲ ತನಕ ಹೋಗಿ ತಿರುಗಿ ಬಂದವು. ಯಾರ ಸಹಿ ಎಂದು ಕೇಳುತ್ತಾರೆ. ಮತ್ತೆ ಕೆಳಗಿನ ಬೆಂಚಿಗೆ ತಳ್ಳುತ್ತಾರೆ, ಇಲ್ಲವೇ ಹೊರಗೇ ಹಾಕುತ್ತಾರೆ. ಕೋರ್ಟು, ಪೊಲೀಸು ಎಂದು ಮನಸ್ಸು ಎಲ್ಲೆಲ್ಲಿಗೋ ಓಡಿತು. ಇನ್ನೊಂದು ಪ್ಲಗ್ಗು ಸೀಳಿ ನೋಡಿ ಖಾತ್ರಿ ಮಾಡಿಕೊಂಡು ಹೇಳೋಣವೆಂದು ತನಗೆ ತಾನೇ ನೆಪ ಹೇಳಿಕೊಂಡಳು. ಬುಧವಾರವೂ ಅದೇ ನೆಪದಲ್ಲಿ ಕಳೆಯಿತು. ಊಟ ಸೇರಲಿಲ್ಲ. ವಿಮಾನ ಮನೆಯ ಮೇಲೆ ಹಾದಾಗಲೆಲ್ಲ ಕೈಲಿದ್ದುದನ್ನು ಬಿಟ್ಟು ನಿಲ್ಲುತ್ತಿದ್ದಳು. ಮಗಳು ಸೃಷ್ಟಿ, "ಮಮ್, ಆರ್ ಯು ಇಲ್?" ಎಂದು ಹಣೆ ಮುಟ್ಟಿ ನೋಡಿದಳು.

ಗುರುವಾರ ಬೆಳಿಗ್ಗೆ ಗಂಡ ಬೂಟು ಕಟ್ಟುತ್ತಿದ್ದಾಗ ಹೇಳಿದಳು, "ಇವತ್ತೊಂದಿನ ಪೆಟಗ್ಯಾಗ ಮ್ಯಾಲ ಹೋಗಬ್ಯಾಡ್ರಿ."

"ಹೋಗದಿದ್ರ ಊಟ ತಾನ ಹಾರಿ ಹೋಗತೈತೇನು?" ಎಂದು ನಕ್ಕು ಅವನು ಹೊರಟುಹೋದ.

ಮಧ್ಯಾಹ್ನ ಎರಡೂವರೆಗೆ ಅವಳ ಮೇಜಿನ ಫೋನ್ ಬಡಿದುಕೊಂಡಿತು. ವೀರಣ್ಣನ ದನಿ. "ಗುರುದೇವಿ, ದವಾಖಾನ್ಯಾಗ ಅದೀನಿ."

ಒಂದು ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಳು. "ಏನಾತ್ರಿ ನಿಮಗ?"

"ನನಗೇನಾಗಿಲ್ಲ. ಜಗದೇವಪ್ಪಗ ಆಗೈತಿ. ಪೆಟಗಿ ಜಗ್ಗಿ ನಿಂತತು, ತುಂಬಿದ ಟ್ರಾಲಿ ಮೈಮ್ಯಾಲ ಬಂತು. ಹೆಗಲಿನ ಎಲುವು ಮುರದೈತಿ. ತಲಿಗೇನಾಗಿಲ್ಲಂತ ಡಾಕ್ಟರು ಅಂದ್ರು."

ಗಂಡನಿಗಲ್ಲ ಎಂದು ಕೇಳಿದ ಆ ಕ್ಷಣ ಅವಳಿಗೆ ಸಮಾಧಾನವಾಯಿತು. ಆ ಸಮಾಧಾನದ ಬಗ್ಗೆ ಮರುಕ್ಷಣವೇ ಮೈಯೆಲ್ಲ ನಾಚಿಕೆಯಾಯಿತು. ಫೋನ್ ಇಟ್ಟು, ಸೀಳಿದ ಪ್ಲಗ್ಗನ್ನು ಕೈಯಲ್ಲಿ ಹಿಡಿದು ಡೆರೆಕ್‌ನ ಕೋಣೆಗೆ ಹೋದಳು. ಇಂಗ್ಲಿಷ್ ಮಾತು ತಡವರಿಸಿತು. ಪ್ಲಗ್ಗನ್ನು ಅವನ ಮುಂದಿಟ್ಟು ಬೆರಳು ಮಾಡಿ ತೋರಿಸಿದಳು. ಎಲ್ಲ ಕೇಳಿ ಅವನು ಕನ್ನಡಕ ತೆಗೆದ.

"ಯಾವತ್ತು ಗೊತ್ತಾಯಿತು?"

"ಮಂಗಳವಾರ."

"ಮಂಗಳವಾರವೇ ಬರಬೇಕಿತ್ತು," ಎಂದ. ದನಿ ಏರಿಸಲಿಲ್ಲ. ಅವಳು ನಿಂತಿರುವಂತೆಯೇ ಲಾರಿ ಕಂಪನಿಗೆ ಫೋನ್ ಮಾಡಿದ. ಸಂಜೆಯೊಳಗೆ ಆ ಪ್ಲಗ್ಗಿದ್ದ ಅರವತ್ತೊಂದು ಲಾರಿಗಳನ್ನು ನಿಲ್ಲಿಸಿದರು.

ಚೀಲ ತೆಗೆದುಕೊಂಡು ಹೊರಡಲೇ ಎಂದು ಅವಳು ಕೇಳಿದಾಗ ಡೆರೆಕ್ ನಕ್ಷೆಯನ್ನು ತಿರುಗಿಸಿ ತೋರಿಸಿದ. "ನಿನ್ನ ಸಹಿಯ ಕೆಳಗೆ ನನ್ನದೂ ಇದೆ. ಎಲ್ಲಿ ಕೆಟ್ಟಿತೆಂದು ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಕೂತು ಸರಿಮಾಡು."

ಲಾರಿಗಳು ಹಳೆಯ ಚಿನ್ನದ ಪ್ಲಗ್ಗು ಹಾಕಿಕೊಂಡು ಓಡಾಡಲು ಶುರುವಾದವು. ನಡುಕಕ್ಕೆ ತೆಳು ಚಿನ್ನವೂ ಒಂದು ದಿನ ಸವೆಯುತ್ತದೆ, ಅದೂ ಸಾಲದೆಂದು ಗುರುದೇವಿಗೆ ಈಗ ಅನ್ನಿಸುತ್ತಿತ್ತು. ಎಲೆಗಳನ್ನು ಬಿಗಿ ಮಾಡಿದರೆ ಪಿನ್ನು ಅಲುಗುವುದಿಲ್ಲ ನಿಜ, ಆದರೆ ಪ್ರತಿ ಸಲ ಬಿಚ್ಚಿ ಹಾಕುವಾಗ ಲೇಪ ಕೆರೆದುಹೋಗುತ್ತದೆ. ಸಡಿಲ ಮಾಡಿದರೆ ಸವೆತ ಕಡಿಮೆ, ನಡುಕ ಜಾಸ್ತಿ. ಕೊನೆಗೆ ಎರಡು ಎಲೆಯ ಬದಲು ಆರು ಸಣ್ಣ ಸ್ಪ್ರಿಂಗ್ ಬೆರಳುಗಳನ್ನು ಬರೆದಳು, ಒಂದೊಂದೂ ಹಗುರಾಗಿ ಒತ್ತುವಂತೆ. ಬೆರಳುಗಳ ಉದ್ದ ಒಂದೇ ಇಡಲಿಲ್ಲ. ಒಂದೇ ಇದ್ದರೆ ಒಂದೇ ನಡುಕಕ್ಕೆ ಆರೂ ಒಟ್ಟಿಗೆ ಎದ್ದುಬಿಡಬಹುದು. ಬೇರೆ ಬೇರೆ ಉದ್ದವಿದ್ದರೆ ಒಂದು ಎದ್ದಾಗ ಇನ್ನೊಂದು ಹಿಡಿದಿರುತ್ತದೆ. ಲೇಪಕ್ಕೆ ಕೆಳಗೆ ಗಟ್ಟಿ ನಿಕಲ್, ಮೇಲೆ ಚಿನ್ನ. ಕೇಬಲ್ಲಿನ ಜಗ್ಗಾಟ ಪಿನ್ನಿಗೆ ಮುಟ್ಟದಂತೆ ಹಿಂದೆ ಒಂದು ಬಿಗಿ ಪಟ್ಟಿ.

ಈ ಸಲ ಯಂತ್ರವನ್ನು ಎಂಟು ತಾಸಿಗೆ ನಿಲ್ಲಿಸಲಿಲ್ಲ. ಐದು ವಾರ ಓಡಿಸಿದಳು. ಪ್ರತಿದಿನ ಐವತ್ತು ಸಲ ಬಿಚ್ಚಿ ಹಾಕಿ ಮತ್ತೆ ನಡುಗಿಸಿದಳು. ಕರೆಂಟಿನ ಹರಿವು ತೋರಿಸುವ ಪರದೆಯ ಮೇಲಿನ ಗೆರೆ ಸ್ವಲ್ಪ ಮಿಡಿದರೂ ಹತ್ತಿರ ಓಡುತ್ತಿದ್ದಳು. ಗೆರೆ ಮುರಿಯಲಿಲ್ಲ. ಆದರೂ ನಕ್ಷೆಗೆ ಸಹಿ ಹಾಕಲು ಕೈ ಬರಲಿಲ್ಲ. ಲಾರಿ ಕಂಪನಿಯ ಅಂಗಳದಲ್ಲಿ ಹೊಸ ಪ್ಲಗ್ಗಿನ ಪರೀಕ್ಷೆ ನಡೆದ ದಿನ, ಪೆಟ್ಟಿಗೆಯೊಳಗೆ ತಾನೂ ನಿಲ್ಲುತ್ತೇನೆ ಎಂದಳು. ಎತ್ತರ ಕಂಡರೆ ತಲೆ ತಿರುಗುವ ಹೆಂಗಸು. ಪೆಟ್ಟಿಗೆ ಏರುವಾಗ ಸರಳನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿದಳು. ಇಂಜಿನ್ನಿನ ನಡುಕ ಪಾದದಿಂದ ಹಲ್ಲಿನ ತನಕ ಬರುತ್ತಿತ್ತು. ಇಪ್ಪತ್ತು ಸಲ ಏರಿಸಿ ಇಳಿಸಿದರು. ಕೆಳಗಿಳಿದು ಬೇಲಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡು ಬಂದು, ಲಾರಿಯ ಬಾನೆಟ್ ಮೇಲೆ ಕಾಗದವಿಟ್ಟು ಸಹಿ ಹಾಕಿದಳು.

ಆ ಭಾನುವಾರ ಜಗದೇವಪ್ಪನ ಮನೆಗೆ ಹೋಗಿ ಎಲ್ಲ ಹೇಳಿದಳು. ವೀರಣ್ಣನಿಗೆ ಹಿಂದಿನ ದಿನವಷ್ಟೇ ಹೇಳಿದ್ದಳು. ಅವನೂ ಜೊತೆಗೆ ಬಂದು ಕೂತಿದ್ದ. ಜಗದೇವಪ್ಪನ ತೋಳು ಇನ್ನೂ ಪೂರ್ತಿ ಮೇಲೇಳುತ್ತಿರಲಿಲ್ಲ.

"ಮಂಗಳಾರ ಗೊತ್ತಾಗಿತ್ತು ಅಂತೀರಿ," ಎಂದ ಅವನು. "ನಾ ಬಿದ್ದದ್ದು ಗುರುವಾರ."

"ಹೌದ್ರಿ ಅಣ್ಣಾರ. ಅಂಜಿದ್ದೆ."

"ಅಂಜಿಕಿ ಯಾರಿಗಿಲ್ರಿ ವೈನಿ. ಒಂದು ಫೋನ್ ಮಾಡಬೇಕಿತ್ತು."

ರತ್ನಾಬಾಯಿ ಚಹದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದವಳು ಹೊರಗೆ ಬರಲಿಲ್ಲ. ಆ ವರ್ಷ ಯುಗಾದಿಗೂ ದೀಪಾವಳಿಗೂ ಅವರು ಇವರ ಮನೆಗೆ ಬರಲಿಲ್ಲ. ಮರುವರ್ಷ ಬಸವ ಜಯಂತಿಗೆ ಬಂದರು. ರತ್ನಾಬಾಯಿ ಹೋಳಿಗೆ ಡಬ್ಬಿ ಕೊಟ್ಟು, "ತುಪ್ಪ ಸ್ವಲ್ಪ ಕಮ್ಮಿ ಆಗ್ಯಾದ," ಎಂದಷ್ಟೇ ಅಂದಳು.

ಗುರುದೇವಿ ಅಂಜುವುದನ್ನೇನೂ ಬಿಡಲಿಲ್ಲ. ೨೦೦೭ರಲ್ಲಿ, ಡೆರೆಕ್ ನಿವೃತ್ತನಾದ ಮೇಲೆ, ನಡುಗುವ ಯಂತ್ರದಿಂದ ಒಂದು ಟಿಕ್‌ಟಿಕ್ ಸದ್ದು ಕೇಳಿಸಿತೆಂದು ಪೂರ್ತಿ ಮಾಲನ್ನೇ ತಡೆದಳು. ಹೊಸ ಮ್ಯಾನೇಜರ್ ಮುಖ ಕೆಂಪು ಮಾಡಿಕೊಂಡು ಎದುರಿಗೆ ನಿಂತ. ಅವಳು ಜಾಗ ಬಿಟ್ಟು ಕದಲಲಿಲ್ಲ. ಒಂದು ವಾರ ಹುಡುಕಿದ ಮೇಲೆ ಗೊತ್ತಾಯಿತು, ಪ್ಲಗ್ಗಿನದೇನೂ ತಪ್ಪಿಲ್ಲ, ಯಂತ್ರದ್ದೇ ಒಂದು ಬೋಲ್ಟು ಸಡಿಲವಾಗಿತ್ತು. ಕೋಣೆಯವರೆಲ್ಲ ನಕ್ಕರು. ಗುರುದೇವಿ ಬೋಲ್ಟನ್ನು ತಾನೇ ಬಿಗಿದು, ಮಾಲು ಕಳಿಸಲು ಹೇಳಿ, ಮನೆಗೆ ಹೋಗಿ ಹೊಟ್ಟೆ ತುಂಬ ರೊಟ್ಟಿ ತಿಂದಳು.